ಮ್ಯಾರಥಾನ್ ಓಟಕ್ಕೆ ಎನರ್ಜಿ ಡ್ರಿಂಕ್ ಬೇಕಾ? ಕ್ಯಾನ್ ತೆರೆಯುವ ಮುಂಚೆ ಮಾಡಬೇಕಾದ ಲೆಕ್ಕ

"ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೀನಿ. ಓಟಕ್ಕೆ ಮುಂಚೆ ಒಂದು ಎನರ್ಜಿ ಡ್ರಿಂಕ್ ಕುಡಿದ್ರೆ ಟೈಮಿಂಗ್ ಚೆನ್ನಾಗಿ ಬರುತ್ತಾ?"

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಬೆಂಗಳೂರಿನ ಟೆನ್‌ಕೆ, ಅಂದರೆ 10 ಕಿ.ಮೀ. ಓಟ, ಹತ್ತಿರ ಬಂದಾಗಂತೂ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ನನ್ನ ಉತ್ತರ ಇಷ್ಟು. ಕ್ಯಾನ್‌ನಲ್ಲಿ ಓಟಗಾರರಿಗೆ ಲೆಕ್ಕಕ್ಕೆ ಬರುವ ವಸ್ತುಗಳು ಮೂರು: ಕೆಫೀನ್, ಸಕ್ಕರೆ, ನೀರು. ಮೂರೂ ದೂರದ ಓಟಕ್ಕೆ ಉಪಯೋಗಕ್ಕೆ ಬರುತ್ತವೆ. ಆದರೆ ಕ್ಯಾನ್‌ನಲ್ಲಿ ಅವು ಬೆರೆತಿರುವ ಅಳತೆ ಓಡುವ ದೇಹಕ್ಕೆ ಹೊಂದುವುದಿಲ್ಲ. ಹಾಗಾಗಿ ಮೂರನ್ನೂ ಬಿಡಿಸಿ, ನಿಮ್ಮ ತೂಕಕ್ಕೆ, ನಿಮ್ಮ ಓಟಕ್ಕೆ ಬೇಕಾದಷ್ಟನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳಿ. ಅದನ್ನು ಹೇಗೆ ಮಾಡುವುದು ಅಂತ ಕೆಳಗೆ ಹಂತ ಹಂತವಾಗಿ ಹೇಳಿದ್ದೇನೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಮೈತೂಕ ನೋಡುವ ಮಷಿನ್, ಅಡುಗೆಮನೆಯ ಚಿಕ್ಕ ತಕ್ಕಡಿ, ಒಂದು ನೋಟ್‌ಬುಕ್, ಓಡುವಾಗ ಹಿಡಿದುಕೊಳ್ಳಲು ಅರ್ಧ ಲೀಟರ್ ಬಾಟಲಿ. ಜೊತೆಗೆ ಓಟದ ದಿನಕ್ಕೆ ಮುಂಚೆ ನಾಲ್ಕರಿಂದ ಆರು ವಾರ ಸಮಯ ಇರಲಿ. ಓಟ ಮುಂದಿನ ಭಾನುವಾರವೇ ಇದ್ದರೆ ಹೊಸದೇನನ್ನೂ ಶುರು ಮಾಡಬೇಡಿ. ಇಷ್ಟು ದಿನ ಹೇಗೆ ಓಡುತ್ತಿದ್ದಿರೋ ಹಾಗೇ ಓಡಿ.

ಹಂತ 1: ನಿಮಗೆ ಇದು ಬೇಕಾ, ಬೇಡವಾ?

ಮೊದಲು ಬೇಡದವರನ್ನು ಹೇಳಿಬಿಡುತ್ತೇನೆ. ಮಕ್ಕಳು, ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, ಕೆಫೀನ್ ಒಗ್ಗದವರು ಎನರ್ಜಿ ಡ್ರಿಂಕ್ ಕುಡಿಯಬಾರದು. ಈ ಎಚ್ಚರಿಕೆ ಕ್ಯಾನ್ ಮೇಲೇ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಅದರ ಜೊತೆಗೆ ನಾನು ಇನ್ನೂ ಕೆಲವರನ್ನು ಸೇರಿಸುತ್ತೇನೆ. ಬಿಪಿ ಇರುವವರು, ಎದೆಬಡಿತದಲ್ಲಿ ಏರುಪೇರು ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ತೀರಿಕೊಂಡವರು ಇರುವವರು. ನೀವು ಈ ಪಟ್ಟಿಯಲ್ಲಿದ್ದರೆ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಮುಂದಿನ ಮಾತು. ಸಕ್ಕರೆ ಕಾಯಿಲೆ ಇರುವವರು 5ನೇ ಹಂತದ ಲೆಕ್ಕವನ್ನೂ ಡಾಕ್ಟರ್ ಹತ್ತಿರವೇ ಮಾಡಿಸಿಕೊಳ್ಳಬೇಕು.

ಇನ್ನು ದೂರದ ವಿಷಯ. ಒಂದು ಗಂಟೆಯೊಳಗೆ ಮುಗಿಯುವ ಓಟಕ್ಕೆ ಹೊರಗಿನಿಂದ ಸಕ್ಕರೆ ಬೇಕಾಗುವುದಿಲ್ಲ. ದೇಹ ತಾನೇ ಗ್ಲೈಕೋಜನ್ ಇಟ್ಟುಕೊಂಡಿರುತ್ತದೆ. ಗ್ಲೈಕೋಜನ್ ಅಂದರೆ ಊಟದಲ್ಲಿನ ಸಕ್ಕರೆ, ಪಿಷ್ಟವನ್ನು ಮಾಂಸಖಂಡ ಮತ್ತು ಲಿವರ್ ಕೂಡಿಟ್ಟ ದಾಸ್ತಾನು. ಜೋರಾಗಿ ಓಡಿದರೂ ಅದು ಸುಮಾರು ಒಂದೂವರೆ ಎರಡು ಗಂಟೆ ಬರುತ್ತದೆ. 10 ಕಿ.ಮೀ. ಓಡುವವರಲ್ಲಿ ಹೆಚ್ಚಿನವರಿಗೆ ರಾತ್ರಿಯ ಊಟ, ಬೆಳಗ್ಗೆ ಒಂದು ಬಾಳೆಹಣ್ಣು, ದಾರಿಯಲ್ಲಿ ಎರಡು ಗುಟುಕು ನೀರು ಸಾಕು. ಹಾಫ್ (21 ಕಿ.ಮೀ.) ಮತ್ತು ಫುಲ್ (42 ಕಿ.ಮೀ.) ಓಡುವವರಿಗೆ ಮಾತ್ರ ಮುಂದಿನ ಲೆಕ್ಕ ನಿಜವಾಗಿ ಬೇಕಾಗುತ್ತದೆ. ಫುಲ್ ಮ್ಯಾರಥಾನ್‌ನಲ್ಲಿ 30 ಕಿ.ಮೀ. ಆಸುಪಾಸು ಕಾಲು ಕಲ್ಲಾಗಿ ನಿಂತುಬಿಡುತ್ತದಲ್ಲ, ಅದು ಈ ದಾಸ್ತಾನು ಖಾಲಿಯಾಗುವ ಹೊತ್ತು.

ಹಂತ 2: ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಅಂಗಡಿಯ ಫ್ರಿಜ್‌ನಲ್ಲಿ ಅಕ್ಕಪಕ್ಕ ನಿಂತಿರುತ್ತವೆ ಅಂತ ಎಲ್ಲವೂ ಒಂದೇ ಅಲ್ಲ.

ಎನರ್ಜಿ ಡ್ರಿಂಕ್: ಕೆಫೀನ್, ಜಾಸ್ತಿ ಸಕ್ಕರೆ, ಗ್ಯಾಸ್. ಜೊತೆಗೆ ಟಾರೀನ್ ಮತ್ತು ಬಿ ವಿಟಮಿನ್‌ಗಳು. ಟಾರೀನ್ ನಮ್ಮ ದೇಹದಲ್ಲೇ ತಯಾರಾಗುವ ಒಂದು ವಸ್ತು. ಈ ಪಾನೀಯಗಳಿಂದ ಓಟಕ್ಕೆ ಏನಾದರೂ ಲಾಭ ಆಗುವುದಿದ್ದರೆ ಅದರ ಬಹುಪಾಲು ಕೆಫೀನ್‌ನದು. ಉಳಿದವುಗಳ ಬಗ್ಗೆ ನೀವು ತಲೆಕೆಡಿಸಿಕೊಳ್ಳಬೇಕಿಲ್ಲ.

ಸ್ಪೋರ್ಟ್ಸ್ ಡ್ರಿಂಕ್: ನೀರು, ಮಿತವಾದ ಸಕ್ಕರೆ, ಉಪ್ಪಿನಂಶ. ಸಾಮಾನ್ಯವಾಗಿ ಕೆಫೀನ್ ಇರುವುದಿಲ್ಲ, ಗ್ಯಾಸೂ ಇರುವುದಿಲ್ಲ. ಗೇಟೊರೇಡ್ ಈ ಜಾತಿಯದು. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಡಾ. ರಾಬರ್ಟ್ ಕೇಡ್ ಮತ್ತು ಜೊತೆಗಾರರು ತಮ್ಮ ಫುಟ್‌ಬಾಲ್ ತಂಡದ ಹುಡುಗರಿಗಾಗಿ ಮಾಡಿದ್ದು. ಬಿಸಿಲಲ್ಲಿ ಬೆವರಿ ಸುಸ್ತಾಗುವವರಿಗೆಂದೇ ಹುಟ್ಟಿದ ಪಾನೀಯ ಇದು. ಎನರ್ಜಿ ಡ್ರಿಂಕ್ ಹುಟ್ಟಿದ ದಾರಿ ಬೇರೆ. ರೆಡ್ ಬುಲ್‌ನ ಮೂಲ ಥಾಯ್ಲೆಂಡಿನ ಒಂದು ಪಾನೀಯ. ಅದನ್ನೇ ಬದಲಾಯಿಸಿ 1987ರಲ್ಲಿ ಆಸ್ಟ್ರಿಯಾದಲ್ಲಿ ಮಾರಾಟಕ್ಕೆ ಬಿಟ್ಟರು. ನಿದ್ದೆ ತಡೆದು ಚುರುಕಾಗಿ ಇರಿಸುವುದು ಅದರ ಕೆಲಸ. ಬೆವರಿನ ಲೆಕ್ಕ ಅದರಲ್ಲಿ ಇಲ್ಲ.

ಓಆರ್‌ಎಸ್: ಭೇದಿಯಾದವರಿಗೆ ಕೊಡುವ ಔಷಧಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು, ಇನ್ನೆರಡು ಲವಣಗಳು ಇರುತ್ತವೆ. ಇದರಲ್ಲಿ ಉಪ್ಪು ಜಾಸ್ತಿ, ಓಡಲು ಬೇಕಾದ ಸಕ್ಕರೆ ಕಡಿಮೆ. ಟೆಟ್ರಾ ಪ್ಯಾಕ್‌ನಲ್ಲಿ ಓಆರ್‌ಎಸ್ ಅಂತ ಹೆಸರು ಹಾಕಿ ಸಿಹಿ ಪಾನೀಯ ಮಾರುತ್ತಿದ್ದುದನ್ನು 2025ರ ಅಕ್ಟೋಬರ್‌ನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ತಡೆದಿದೆ. ನಿಮ್ಮ ಬೀರುವಿನಲ್ಲಿ ಹಳೇ ಪ್ಯಾಕ್ ಇದ್ದರೆ ಹಿಂದೆ ತಿರುಗಿಸಿ ಸಕ್ಕರೆ ಎಷ್ಟಿದೆ ನೋಡಿ.

ಹಂತ 3: ಕ್ಯಾನ್ ತಿರುಗಿಸಿ, ಹಿಂಬದಿ ಓದಿ

ಈಗಲೇ ಒಂದು ಕ್ಯಾನ್ ಕೈಗೆ ತಗೊಳ್ಳಿ. ಮುಂಭಾಗದ ಚಿತ್ರ ಬಿಡಿ. ಹಿಂದೆ ಚಿಕ್ಕ ಅಕ್ಷರದ ಪಟ್ಟಿ ಇರುತ್ತದೆ, ಬೆಳ್ಳಿ ಬಣ್ಣದ ಮೇಲೆ ನೀಲಿ ಅಕ್ಷರ ಇದ್ದರೆ ಬೆಳಕಿಗೆ ಹಿಡಿದೇ ಓದಬೇಕು. ಮೂರು ಅಂಕಿ ಹುಡುಕಿ: ಒಟ್ಟು ಎಷ್ಟು ಮಿ.ಲೀ., 100 ಮಿ.ಲೀ.ಗೆ ಸಕ್ಕರೆ ಎಷ್ಟು, ಕೆಫೀನ್ ಎಷ್ಟು. ಜನ ಇಲ್ಲೇ ಎಡವುತ್ತಾರೆ. ಪಟ್ಟಿ 100 ಮಿ.ಲೀ. ಲೆಕ್ಕದಲ್ಲಿರುತ್ತದೆ, ನೀವು ಕುಡಿಯುವುದು 250 ಅಥವಾ 350. ಗುಣಿಸಿಯೇ ನೋಡಬೇಕು.

ನಮ್ಮ ದೇಶದ ನಿಯಮದಲ್ಲಿ ಇಂಥ ಪಾನೀಯದ ಒಂದು ಲೀಟರ್‌ನಲ್ಲಿ ಕೆಫೀನ್ 145ರಿಂದ 300 ಮಿಲಿಗ್ರಾಂ ಒಳಗೆ ಇರಬೇಕು. ಅಂದರೆ ಇಲ್ಲಿ ಕೊಂಡ 250 ಮಿ.ಲೀ. ಕ್ಯಾನ್‌ನಲ್ಲಿ ಹೆಚ್ಚೆಂದರೆ 75 ಮಿ.ಗ್ರಾಂ. ಸಕ್ಕರೆ 100 ಮಿ.ಲೀ.ಗೆ 11 ಗ್ರಾಂ ಇದ್ದರೆ ಇಡೀ ಕ್ಯಾನ್‌ಗೆ 27 ಗ್ರಾಂ ಚಿಲ್ಲರೆ.

ಆ 27 ಗ್ರಾಂ ಸಕ್ಕರೆಯಲ್ಲಿ ಸುಮಾರು 110 ಕ್ಯಾಲೊರಿ ಇದೆ. 60 ಕೆ.ಜಿ. ತೂಕದವರು ಒಂದು ಕಿ.ಮೀ. ಓಡಲು ಹತ್ತಿರಹತ್ತಿರ 60 ಕ್ಯಾಲೊರಿ ಖರ್ಚು ಮಾಡುತ್ತಾರೆ. ಅಂದರೆ ಇಡೀ ಕ್ಯಾನ್‌ನ "ಎನರ್ಜಿ" ಎರಡು ಕಿ.ಮೀ.ಗೂ ಸಾಲದು. ಶುಗರ್ ಫ್ರೀ ಕ್ಯಾನ್ ಆದರೆ ಅಷ್ಟೂ ಇಲ್ಲ, ಬರೀ ಕೆಫೀನ್.

ಹೊರದೇಶದಲ್ಲಿ ಓಡುವ ಕನ್ನಡಿಗರು ಈ ಅಂಕಿಗಳನ್ನು ನಂಬಿ ಕೂರಬೇಡಿ. ಅಮೆರಿಕದಲ್ಲಿ ಸಿಗುವ ಸೆಲ್ಸಿಯಸ್‌ನ 355 ಮಿ.ಲೀ. ಕ್ಯಾನ್‌ನಲ್ಲಿ 200 ಮಿ.ಗ್ರಾಂ ಕೆಫೀನ್ ಇದೆ. 300 ಇರುವ ಕ್ಯಾನ್‌ಗಳೂ ಅಲ್ಲಿವೆ. ಇಲ್ಲಿ ಒಂದು ಕ್ಯಾನ್ ಕುಡಿದು ಅಭ್ಯಾಸ ಇರುವವರು ಅಲ್ಲೂ ಒಂದೇ ಅಂತ ಕುಡಿದರೆ ಎರಡೂವರೆಪಟ್ಟು, ನಾಲ್ಕುಪಟ್ಟು ಒಳಗೆ ಹೋಗಿರುತ್ತದೆ.

ಹಂತ 4: ಕೆಫೀನ್ ಲೆಕ್ಕ

ಕೆಫೀನ್ ಹೊಸ ಶಕ್ತಿ ಕೊಡುವುದಿಲ್ಲ. ದಣಿವಾದಾಗ ಅಡಿನೋಸಿನ್ ಅನ್ನುವ ವಸ್ತು ಮೆದುಳಿಗೆ "ಸಾಕು, ನಿಲ್ಲು" ಎಂಬ ಸೂಚನೆ ಮುಟ್ಟಿಸುತ್ತದೆ. ಕೆಫೀನ್ ಹೋಗಿ ಅದರ ಜಾಗದಲ್ಲಿ ಕೂತುಬಿಡುತ್ತದೆ. ಅದೇ ವೇಗ ಸ್ವಲ್ಪ ಹಗುರ ಅನ್ನಿಸುತ್ತದೆ. ದೂರದ ಓಟದಲ್ಲಿ ಇದರಿಂದ ಲಾಭ ಇದೆ ಅನ್ನುವುದು ಅನೇಕ ಅಧ್ಯಯನಗಳಲ್ಲಿ ಗಟ್ಟಿಯಾಗಿದೆ. ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾ 2004ರ ಜನವರಿಯಲ್ಲಿ ಕೆಫೀನನ್ನು ನಿಷೇಧಿತ ಪಟ್ಟಿಯಿಂದ ತೆಗೆದಿದೆ. ಆದ್ದರಿಂದ ಸ್ಪರ್ಧೆಯಲ್ಲಿ ತೆಗೆದುಕೊಳ್ಳುವುದು ತಪ್ಪಲ್ಲ.

ಎಷ್ಟು ಬೇಕು? ಸಾಮಾನ್ಯವಾಗಿ ಹೇಳುವ ಅಳತೆ, ಒಂದು ಕೆ.ಜಿ. ಮೈತೂಕಕ್ಕೆ 3ರಿಂದ 6 ಮಿ.ಗ್ರಾಂ, ಓಟಕ್ಕೆ ಒಂದು ಗಂಟೆ ಮುಂಚೆ. ಕೆಲವರಿಗೆ 2 ಮಿ.ಗ್ರಾಂನಲ್ಲೂ ಕೆಲಸ ಆಗುತ್ತದೆ. ನನ್ನ ಸಲಹೆ: 2ರಿಂದ ಶುರು ಮಾಡಿ, 3 ದಾಟಬೇಡಿ. ಅದಕ್ಕಿಂತ ಮೇಲೆ ಹೋದಂತೆ ಲಾಭ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ, ಕೈ ನಡುಕ, ಎದೆ ಡವಡವ, ಹೊಟ್ಟೆ ಕೆಡುವುದು ಮಾತ್ರ ಬೆಳೆಯುತ್ತವೆ. ಆರೋಗ್ಯವಂತ ದೊಡ್ಡವರಿಗೆ ಒಂದು ಸಲಕ್ಕೆ 200, ಇಡೀ ದಿನಕ್ಕೆ 400 ಮಿ.ಗ್ರಾಂ ಮೀರದಿರಲಿ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ನಾನು ಆ ಗೆರೆಯೊಳಗೇ ಇರುತ್ತೇನೆ.

ಈಗ ಲೆಕ್ಕ ಹಾಕಿ. 60 ಕೆ.ಜಿ.ಗೆ 3 ಮಿ.ಗ್ರಾಂ ಲೆಕ್ಕದಲ್ಲಿ 180 ಮಿ.ಗ್ರಾಂ. ಅಷ್ಟನ್ನು ಕ್ಯಾನ್‌ನಿಂದಲೇ ಪಡೆಯಬೇಕಾದರೆ ಎರಡು ಕ್ಯಾನ್ ಕುಡಿದು ಮೂರನೆಯದನ್ನೂ ತೆರೆಯಬೇಕು. 600 ಮಿ.ಲೀ. ಗ್ಯಾಸ್ ಪಾನೀಯ, 65 ಗ್ರಾಂ ಸಕ್ಕರೆ, ಓಟಕ್ಕೆ ಒಂದು ಗಂಟೆ ಮುಂಚೆ! ದಿನಕ್ಕೆ ಎರಡು ಕ್ಯಾನ್ ಮೀರಬೇಡಿ ಅಂತ ಡಬ್ಬಿಯೇ ಹೇಳುತ್ತಿರುವಾಗ. ಇನ್ನು ಒಂದೇ ಕ್ಯಾನ್ ಕುಡಿದರೆ ಸಿಗುವುದು ಕೆ.ಜಿ.ಗೆ 1.25 ಮಿ.ಗ್ರಾಂ, ಅಧ್ಯಯನದ ಅಳತೆಯ ಅರ್ಧವೂ ಇಲ್ಲ. ಎನರ್ಜಿ ಡ್ರಿಂಕ್ ಓಟಕ್ಕೆ ಹೊಂದುವುದಿಲ್ಲ ಅಂತ ನಾನು ಹೇಳುವುದು ಈ ಲೆಕ್ಕ ನೋಡಿಯೇ.

ಹಾಗಾದರೆ ಕೆಫೀನ್ ಎಲ್ಲಿಂದ? ಕಾಫಿ ಇದೆಯಲ್ಲ. ಒಂದು ಟೀ ಚಮಚ, ಅಂದರೆ ಸುಮಾರು 2 ಗ್ರಾಂ ಇನ್‌ಸ್ಟಂಟ್ ಕಾಫಿಯಲ್ಲಿ ಅಂದಾಜು 60 ಮಿ.ಗ್ರಾಂ ಕೆಫೀನ್ ಇರುತ್ತದೆ. ಚಿಕೋರಿ ಬೆರೆತಿದ್ದರೆ ಕಡಿಮೆ, ಯಾಕೆಂದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲ. ಫಿಲ್ಟರ್ ಕಾಫಿಗೆ ಒಂದೇ ಅಂಕಿ ಹೇಳುವುದು ಕಷ್ಟ. ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡುಪಟ್ಟು ಕೆಫೀನ್ ಇರುತ್ತದೆ, ಮೊದಲ ಡಿಕಾಕ್ಷನ್ ಗಟ್ಟಿ, ಎರಡನೆಯದು ತೆಳು. ಅದಕ್ಕೇ ಒಂದೇ ಪುಡಿ, ಒಂದೇ ಅಳತೆ ಇಟ್ಟುಕೊಂಡು ಅದರಲ್ಲೇ ಅಭ್ಯಾಸ ಮಾಡಿ. ಓಟದ ದಿನ ಹಾಲು ಹಾಕದೆ ಕುಡಿದರೆ ಹೊಟ್ಟೆಗೆ ಹಗುರ. ಕೆಫೀನ್ ಇರುವ ಜೆಲ್‌ಗಳೂ ಸಿಗುತ್ತವೆ. ಜೆಲ್ ಅಂದರೆ ಓಡುತ್ತಲೇ ನುಂಗಲು ಆಗುವ ಗಟ್ಟಿ ಸಕ್ಕರೆ ಪಾಕದ ಚಿಕ್ಕ ಪೊಟ್ಟಣ. ಅದರ ಮೇಲೆ ಅಂಕಿ ಬರೆದಿರುವುದರಿಂದ ಲೆಕ್ಕ ಸುಲಭ.

ಇಲ್ಲಿ ಮೂರು ಎಚ್ಚರಿಕೆ.

ಶುದ್ಧ ಕೆಫೀನ್ ಪುಡಿಯನ್ನು ಮನೆಗೇ ತರಬೇಡಿ. ಒಂದು ಚಮಚ ಹೆಚ್ಚುಕಡಿಮೆ ಆದರೆ ಪ್ರಾಣಕ್ಕೇ ಅಪಾಯ.

ಜಿಮ್‌ಗಳಲ್ಲಿ ಕಸರತ್ತಿಗೆ ಮುಂಚೆ ಕುಡಿಯಲು ಕೊಡುವ ಪ್ರಿ-ವರ್ಕೌಟ್ ಪುಡಿಗಳ ಮೇಲೆ ಎಲ್ಲವನ್ನೂ ಬರೆದಿರುತ್ತಾರೆ ಅಂತ ನಂಬಬೇಡಿ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಓಡುವ ಹುಡುಗ ಹುಡುಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅದರಲ್ಲಿ ನಿಷೇಧಿತ ವಸ್ತು ಬೆರೆತಿದ್ದು ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಪರೀಕ್ಷೆಯಲ್ಲಿ ಸಿಕ್ಕಿದರೆ "ನನಗೆ ಗೊತ್ತಿರಲಿಲ್ಲ" ಅಂದರೆ ನಡೆಯುವುದಿಲ್ಲ. ದೇಹದೊಳಗೆ ಹೋಗಿದ್ದಕ್ಕೆಲ್ಲ ಓಟಗಾರರೇ ಹೊಣೆ.

ಸಂಜೆ ಓಡುವವರು ನಿದ್ದೆಯ ಲೆಕ್ಕವನ್ನೂ ಹಾಕಿ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ 160 ಮಿ.ಗ್ರಾಂ ತಗೊಂಡರೆ ರಾತ್ರಿ ಹತ್ತಕ್ಕೂ 80 ಒಳಗೇ ಇರುತ್ತದೆ. ಕೆಲವರ ದೇಹ ಇನ್ನೂ ನಿಧಾನ. ಕೆಟ್ಟ ನಿದ್ದೆಯಿಂದ ಆಗುವ ನಷ್ಟ ಕೆಫೀನ್ ತಂದ ಲಾಭಕ್ಕಿಂತ ದೊಡ್ಡದು.

ಹಂತ 5: ಸಕ್ಕರೆ ಲೆಕ್ಕ, ಮನೆಯಲ್ಲೇ ಮಾಡುವ ಪಾನೀಯ

ಒಂದು ಗಂಟೆಯಿಂದ ಎರಡೂವರೆ ಗಂಟೆಯ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಸಾಕು. ಮೊದಲ ಸಲದವರು 30ರಲ್ಲಿ ಶುರು ಮಾಡಿ. ಎರಡೂವರೆ ಗಂಟೆ ಮೀರಿ ಓಡುವವರಲ್ಲಿ ಪಳಗಿದವರು 90ರವರೆಗೂ ಹೋಗುತ್ತಾರೆ. ಆದರೆ ಅದಕ್ಕೆ ಗ್ಲುಕೋಸ್ ಜೊತೆ ಫ್ರಕ್ಟೋಸೂ (ಹಣ್ಣಿನ ಸಕ್ಕರೆ) ಇರಬೇಕು, ಹೊಟ್ಟೆಗೆ ತಿಂಗಳುಗಟ್ಟಲೆ ಅಭ್ಯಾಸವೂ ಆಗಿರಬೇಕು.

ಎಷ್ಟು ಗ್ರಾಂ ಅನ್ನುವಷ್ಟೇ ಎಷ್ಟು ಗಟ್ಟಿ ಅನ್ನುವುದೂ ಮುಖ್ಯ. 100 ಮಿ.ಲೀ.ನಲ್ಲಿ 6ರಿಂದ 8 ಗ್ರಾಂ ಸಕ್ಕರೆ ಇದ್ದರೆ ಹೊಟ್ಟೆಯಿಂದ ಬೇಗ ಕೆಳಗಿಳಿಯುತ್ತದೆ. ಎನರ್ಜಿ ಡ್ರಿಂಕ್‌ನಲ್ಲಿ 11 ಇರುವುದರಿಂದ ಅದು ಹೊಟ್ಟೆಯಲ್ಲೇ ಕೂರುತ್ತದೆ, ಮೇಲಿಂದ ಗ್ಯಾಸ್ ಬೇರೆ. ನನ್ನ ಮೊದಲ ಹಾಫ್‌ನಲ್ಲಿ ಇದೇ ತಪ್ಪು ಮಾಡಿದ್ದೆ. ಓಟ ಶುರುವಾಗಲು ಅರ್ಧ ಗಂಟೆ ಇರುವಾಗ ತಣ್ಣನೆಯ ಕ್ಯಾನ್ ಒಂದನ್ನು ಗಟಗಟ ಕುಡಿದೆ. ಎಂಟನೇ ಕಿ.ಮೀ. ಹೊತ್ತಿಗೆ ಪ್ರತಿ ಹೆಜ್ಜೆಗೂ ಹೊಟ್ಟೆಯೊಳಗೆ ಕುಲುಕುವ ಸದ್ದು, ಗಂಟಲಲ್ಲಿ ಸಿಹಿ ಹುಳಿತೇಗು. ಪಕ್ಕೆ ಹಿಡಿದುಕೊಂಡು ಎರಡು ಕಿ.ಮೀ. ನಡೆದೆ.

ಈಗ ನಾನು ಕುಡಿಯುವುದು ಇದು:

ನೀರು 1 ಲೀಟರ್
ಸಕ್ಕರೆ 60 ಗ್ರಾಂ (ತಕ್ಕಡಿಯಲ್ಲೇ ತೂಗಿ, ಕಣ್ಣಂದಾಜು ಬೇಡ)
ಉಪ್ಪು ಕಾಲು ಟೀ ಚಮಚ, ಸಮ ಮಾಡಿ
ಒಂದು ನಿಂಬೆಹಣ್ಣಿನ ರಸ, ಬೀಜ ಸೋಸಿ

ನಮ್ಮ ನಿಂಬೆ ಶರಬತ್ತೇ. ಅಳತೆ ಮಾತ್ರ ಕಟ್ಟುನಿಟ್ಟು. ಅಡುಗೆಮನೆಯ ಸಕ್ಕರೆ ಅರ್ಧ ಗ್ಲುಕೋಸ್, ಅರ್ಧ ಫ್ರಕ್ಟೋಸ್ ಸೇರಿ ಆದದ್ದು, ಹಾಗಾಗಿ ದುಬಾರಿ ಪುಡಿ ಹುಡುಕಬೇಕಿಲ್ಲ. ಬೆಲ್ಲವೂ ಆಗುತ್ತದೆ, ಚೆನ್ನಾಗಿ ಕರಗಿಸಿ ಸೋಸಿಕೊಳ್ಳಿ. ರುಚಿ ನೋಡಿದರೆ ಮನೆಯ ಶರಬತ್ತಿಗಿಂತ ಸಪ್ಪೆ ಅನ್ನಿಸಬೇಕು. ಅದೇ ಸರಿಯಾದ ಹದ. ಗಂಟೆಗೆ ಅರ್ಧ ಲೀಟರ್ ಕುಡಿದರೆ 30 ಗ್ರಾಂ ಸಕ್ಕರೆ ಸಿಕ್ಕಿತು. ಕಾಲು ಗಂಟೆಗೊಮ್ಮೆ ಮೂರು ನಾಲ್ಕು ಗುಟುಕು, ಒಂದೇ ಸಲಕ್ಕೆ ಬೇಡ.

ಜೆಲ್ ತಗೊಳ್ಳುವವರು ಅದರ ಜೊತೆ ಬರೀ ನೀರು ಕುಡಿಯಿರಿ. ಜೆಲ್ ಮೇಲೆ ಎನರ್ಜಿ ಡ್ರಿಂಕ್ ಕುಡಿದರೆ ಹೊಟ್ಟೆಯಲ್ಲಿ ಪಾಕದ ಮೇಲೆ ಪಾಕ.

ಹಂತ 6: ನಿಮ್ಮ ಬೆವರನ್ನು ಅಳೆಯಿರಿ

ಓಡುವ ಮುಂಚೆ ಬಟ್ಟೆ ಇಲ್ಲದೆ ತೂಕ ನೋಡಿ, ಬರೆದಿಡಿ. ಒಂದು ಗಂಟೆ ಓಡಿ. ಬಂದು ಮೈ ಒರೆಸಿಕೊಂಡು ಮತ್ತೆ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ. ನಡುವೆ ಏನಾದರೂ ಕುಡಿದಿದ್ದರೆ ಅದನ್ನೂ ಕೂಡಿಸಿ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಬರುವ ಅಂಕಿಗೂ ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಬರುವ ಅಂಕಿಗೂ ಸಂಬಂಧವೇ ಇರುವುದಿಲ್ಲ. ಎಲ್ಲಿ ಓಡುತ್ತೀರೋ ಅಂಥ ಹವೆಯಲ್ಲೇ ಅಳೆಯಿರಿ.

ಹೋದ ಬೆವರನ್ನೆಲ್ಲ ಓಡುತ್ತಲೇ ತುಂಬಿಸಬೇಕಿಲ್ಲ. ಅದಕ್ಕಿಂತ ಜಾಸ್ತಿಯಂತೂ ಕುಡಿಯಲೇಬೇಡಿ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷೆ ಮಾಡಿದಾಗ 13 ಶೇಕಡಾ ಜನರಲ್ಲಿ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, ಇರಬೇಕಾದ್ದಕ್ಕಿಂತ ಕೆಳಗೆ ಇಳಿದಿತ್ತು. ಓಟದಲ್ಲಿ ತೂಕ ಇಳಿಯುವ ಬದಲು ಏರಿದವರಿಗೇ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದವರಿಗೇ ಈ ಅಪಾಯ ಹೆಚ್ಚು. ತಲೆನೋವು, ವಾಂತಿ, ಗೊಂದಲದ ಮಾತು ಇದರ ಲಕ್ಷಣ. ಇಂಥವರನ್ನು ಕಂಡರೆ "ಇನ್ನೂ ನೀರು ಕುಡಿ" ಅನ್ನಬೇಡಿ, ವೈದ್ಯರ ಟೆಂಟ್‌ಗೆ ಕರೆದುಕೊಂಡು ಹೋಗಿ.

ಎಳನೀರಿನ ಬಗ್ಗೆಯೂ ಕೇಳುತ್ತೀರಿ. ಓಟ ಆದ ಮೇಲೆ ಖುಷಿಯಾಗಿ ಕುಡಿಯಿರಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಹಾಗಾಗಿ ಉಪ್ಪಿನ ಕೆಲಸ ಅದೊಂದರಿಂದ ಆಗುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಆ ಲೆಕ್ಕದಲ್ಲಿ ವಾಸಿ.

"ಕೆಫೀನ್ ನೀರನ್ನೆಲ್ಲ ಹೊರಗೆ ಹಾಕುತ್ತದೆ" ಅನ್ನುವ ಭಯ ಬಿಡಿ. ಇಲ್ಲಿ ಹೇಳಿದ ಅಳತೆಯಲ್ಲಿ ಅಂಥ ವ್ಯತ್ಯಾಸ ಆಗುವುದಿಲ್ಲ.

ಹಂತ 7: ಉದ್ದ ಓಟದ ದಿನಗಳಲ್ಲಿ ಪರೀಕ್ಷೆ

ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲ ಎರಡು ಭಾನುವಾರ ಬರೀ ಶರಬತ್ತು, ಕಾಫಿ ಇಲ್ಲ. ಮೂರನೇ ಭಾನುವಾರ ಕೆ.ಜಿ.ಗೆ 2 ಮಿ.ಗ್ರಾಂ ಲೆಕ್ಕದ ಕಾಫಿ ಸೇರಿಸಿ. ನಾಲ್ಕನೆಯದಕ್ಕೆ ಬೇಕಿದ್ದರೆ ಸ್ವಲ್ಪ ಏರಿಸಿ. ಬಂದ ತಕ್ಷಣ ಬರೆದಿಡಿ: ಎಷ್ಟು ಕುಡಿದಿರಿ, ಹೊಟ್ಟೆ ಹೇಗಿತ್ತು, ಟಾಯ್ಲೆಟ್‌ಗೆ ಓಡಬೇಕಾಯಿತಾ, ಕೊನೆಯ ಐದು ಕಿ.ಮೀ. ಹೇಗನ್ನಿಸಿತು, ರಾತ್ರಿ ನಿದ್ದೆ ಬಂತಾ. ನೆನಪಿನ ಮೇಲೆ ಬಿಡಬೇಡಿ, ಚೆನ್ನಾಗಿ ಓಡಿದ ದಿನ ಹೊಟ್ಟೆನೋವೂ ಮರೆತುಹೋಗುತ್ತದೆ.

ಓಟಕ್ಕೆ ಒಂದು ವಾರ ಮುಂಚಿನಿಂದ ಕಾಫಿ ಬಿಟ್ಟರೆ ಆ ದಿನ ಪರಿಣಾಮ ಜೋರಾಗಿರುತ್ತದೆ ಅಂತ ಹಲವರು ಹೇಳುತ್ತಾರೆ. ಅದರ ಅಗತ್ಯ ಇಲ್ಲ. ದಿನಾ ಕುಡಿಯುವವರಿಗೂ ಕೆಫೀನ್ ಕೆಲಸ ಮಾಡುತ್ತದೆ. ಸುಮ್ನೆ ಬಿಟ್ಟು ತಲೆನೋವು ತಂದುಕೊಳ್ಳಬೇಡಿ.

ಇಷ್ಟೆಲ್ಲ ಓದಿಯೂ ಕ್ಯಾನ್ ಇಷ್ಟ ಅನ್ನುವವರಿಗೆ: ಒಂದೇ 250 ಮಿ.ಲೀ. ಕ್ಯಾನ್, ಗ್ಯಾಸ್ ಹೋಗುವಷ್ಟು ಹೊತ್ತು ಲೋಟದಲ್ಲಿ ಬಿಟ್ಟು, ಅಷ್ಟೇ ನೀರು ಬೆರೆಸಿ, ಇದೇ ರೀತಿ ಮೊದಲು ಅಭ್ಯಾಸದ ಓಟದಲ್ಲಿ ನೋಡಿ. ಆ ದಿನ ಬೇರೆ ಕಾಫಿ ಬೇಡ.

ಹಂತ 8: ಓಟದ ಬೆಳಗ್ಗೆ

60 ಕೆ.ಜಿ. ತೂಕದ, ಹಾಫ್ ಅನ್ನು ಎರಡೂಕಾಲು ಗಂಟೆಯಲ್ಲಿ ಮುಗಿಸುವ ಒಬ್ಬರ ಬೆಳಗ್ಗೆ ಹೀಗಿರಬಹುದು. ಓಟ 6 ಗಂಟೆಗೆ.

3:30ಕ್ಕೆ ಎದ್ದು ಎರಡು ಇಡ್ಲಿ ಅಥವಾ ಬಾಳೆಹಣ್ಣು ಬ್ರೆಡ್, ಒಂದು ಲೋಟ ನೀರು. 5 ಗಂಟೆಗೆ ಚಿಕೋರಿ ಇಲ್ಲದ ಇನ್‌ಸ್ಟಂಟ್ ಕಾಫಿ ಎರಡು ಚಮಚ ಹಾಕಿ ಚಿಕ್ಕ ಲೋಟದಲ್ಲಿ ಕಪ್ಪು ಕಾಫಿ, ಅಂದಾಜು 120 ಮಿ.ಗ್ರಾಂ. ಆಮೇಲೆ ಟಾಯ್ಲೆಟ್, ಕ್ಯೂ ಉದ್ದ ಇರುತ್ತದೆ, ಬೇಗ ನಿಲ್ಲಿ. 5:15ರಿಂದ 5:45ರವರೆಗೆ ಸಿಹಿ ಏನೂ ಬೇಡ. ಆ ಹೊತ್ತಿನಲ್ಲಿ ಸಕ್ಕರೆ ತಿಂದರೆ ಇನ್ಸುಲಿನ್ ಏರಿ, ಓಟ ಶುರುವಾದಾಗ ಕೆಲವರಿಗೆ ರಕ್ತದ ಸಕ್ಕರೆ ಇಳಿದು ತಲೆ ಹಗುರ ಅನ್ನಿಸುತ್ತದೆ. ಶುರುವಿಗೆ ಐದು ನಿಮಿಷ ಇರುವಾಗ ಎರಡು ಗುಟುಕು ಶರಬತ್ತು ಪರವಾಗಿಲ್ಲ.

ಓಟದಲ್ಲಿ ಮೂವತ್ತನೇ ನಿಮಿಷದಿಂದ ಕಾಲು ಗಂಟೆಗೊಮ್ಮೆ ಗುಟುಕು. ದಾರಿಯಲ್ಲಿ ಯಾರಾದರೂ ಹೊಸ ಬ್ರ್ಯಾಂಡಿನ ಕ್ಯಾನ್ ಕೈಗಿಟ್ಟರೆ ನಗುತ್ತಾ ಬೇಡ ಅನ್ನಿ. ನೋವಿನ ಮಾತ್ರೆ, ಮುಖ್ಯವಾಗಿ ಐಬುಪ್ರೊಫೆನ್, ಓಟದ ಮುಂಚೆಯೂ ನಡುವೆಯೂ ಬೇಡ. ಮೈಯಲ್ಲಿ ನೀರು ಕಡಿಮೆಯಾದಾಗ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ.

ಎದೆ ಹಿಂಡಿದಂತೆ ಆದರೆ, ಬಡಿತ ತಾಳ ತಪ್ಪಿದರೆ, ಕಣ್ಣು ಕತ್ತಲೆ ಬಂದರೆ ತಕ್ಷಣ ನಿಲ್ಲಿ. ಪಕ್ಕದಲ್ಲಿರುವ ಸ್ವಯಂಸೇವಕರಿಗೆ ಹೇಳಿ, ಬೆಳಗ್ಗೆ ಕೆಫೀನ್ ಎಷ್ಟು ತಗೊಂಡಿದ್ದಿರಿ ಅನ್ನುವುದನ್ನು ಡಾಕ್ಟರ್‌ಗೆ ಮುಚ್ಚಿಡಬೇಡಿ. ಆ ಅಂಕಿಯನ್ನು ಬಿಬ್‌ನ, ಅಂದರೆ ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಯ, ಹಿಂಬದಿಯಲ್ಲಿ, ರಕ್ತದ ಗುಂಪು ಮತ್ತು ಮನೆಯವರ ಫೋನ್ ನಂಬರ್ ಪಕ್ಕ, ಪೆನ್ನಿನಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು.